ಎರಡನೇ ಬ್ರೇಕು

ಸಾಲಗಾಮೆ ರಸ್ತೆ, ಬೆಳಗಿನ ಆರೂಕಾಲು.
ನನ್ನ ಮಾರುತಿಗೆ ಎರಡು ಬ್ರೇಕು.
ಒಂದು ಕಲಿಯುವವರ ಕಾಲಿಗೆ,
ಇನ್ನೊಂದು, ಕಬ್ಬಿಣದ ಸರಳು ಬೆಸೆದು ಎಳೆದದ್ದು,
ನನ್ನ ಭಯಕ್ಕೆ.
ಇಪ್ಪತ್ತಾರು ವರ್ಷದಿಂದ ಎಡಗಡೆ ಸೀಟು ನನ್ನದು.
ಬಲಗಾಲಿನ ಚಪ್ಪಲಿ ಮಾತ್ರ ಬೇಗ ಸವೆಯುತ್ತದೆ.
ಹೊಲಿಯುವ ತಿಮ್ಮಯ್ಯ ಒಮ್ಮೆ ಕೇಳಿಯೇಬಿಟ್ಟ,
"ಏನ್ ಮೇಷ್ಟ್ರೇ, ಒಂದೇ ಕಾಲಲ್ ನಡೀತೀರಾ?"

ಈ ತಿಂಗಳು ಹೊಂಬಾಳಮ್ಮ. ಐವತ್ತೊಂದು ವಯಸ್ಸು, ಟೈಲರ್.
ಮಕ್ಕಳ ಯೂನಿಫಾರಂ ಹೊಲಿದು
ಆಲೂರಿಗೆ, ಬೇಲೂರಿಗೆ ತಾನೇ ಮುಟ್ಟಿಸುತ್ತೇನೆಂದು
ಹಳೇ ಓಮ್ನಿ ಕೊಂಡು ನಿಲ್ಲಿಸಿಕೊಂಡಿದ್ದಾರೆ.
ಬೆಕ್ಕು ಮರಿ ಹಾಕಿದೆಯಂತೆ ಅದರಡಿ.

ಮೊದಲ ದಿನ ಬಾನೆಟ್ಟು, ಕೀಲಿ ಆಮೇಲೆ.
ಕಡ್ಡಿ ಎಳೆಯಿರಿ, ಒರೆಸಿ, ಮತ್ತೆ ಅದ್ದಿ, ಮತ್ತೆ ಎಳೆಯಿರಿ.
ಮೊದಲು ತೋರಿಸಿದ್ದನ್ನು ನಂಬಬೇಡಿ.
ಅವರು ಚೀಲದಿಂದ ರವಿಕೆಯ ಚೂರೊಂದು ತೆಗೆದು ಒರೆಸಿ
ಮೂಸಿ ನೋಡಿದರು.
"ನಮ್ ಮಷೀನಿನ ಎಣ್ಣೆ ನೀರಿದ್ದಂಗೆ. ಇದು ಕಾಕಂಬಿ."
ಬ್ಯಾಟರಿಯ ಕಿವಿಗೆ ಬೂಷ್ಟು ಹಿಡಿದಿತ್ತು, ಬಿಸಿನೀರು ಹೊಯ್ದೆವು.
ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದಾಗ ತಡೆದೆ:
ಕಾದಿರುವವರ ಬಾಯಿ ಬಿಡಿಸಬಾರದು.
ನಿಮ್ಮ ಓಮ್ನಿಗೆ ಎಂಜಿನ್ನು ಸೀಟಿನ ಕೆಳಗೆ, ಅಂದೆ.
"ಅದರ ಮೇಲೇ ಕೂರೋದಾ?"
ಹೂಂ.
"ಕಾವು ಕೂತ ಕೋಳಿ ಥರ."

ಹಾಫ್ ಕ್ಲಚ್ಚು ಅನ್ನುವುದನ್ನು
ನಾನು ಎಷ್ಟು ಜನಕ್ಕೆ ಎಷ್ಟು ಬಗೆಯಲ್ಲಿ ಹೇಳಿಲ್ಲ!
ಆಲೂಗಡ್ಡೆ ಮಂಡಿಯ ಸಾಹುಕಾರರಿಗೆ,
ನೋಟ್ಸ್ ಬರೆದುಕೊಂಡ ಲೆಕ್ಚರರಿಗೆ.
ಇವರು ಒಂದೇ ಸಲಕ್ಕೆ ಹಿಡಿದರು.
ಕಾಲು ಮೇಲೇಳುತ್ತಾ ಏಳುತ್ತಾ ಎಂಜಿನ್ನಿನ ದನಿ ಎಲ್ಲಿ ಗೊಗ್ಗರಾಗುತ್ತದೋ
ಅಲ್ಲೇ, ಬಿಟ್ಟೂ ಬಿಡದ ಹಾಗೆ, ನಿಂತರು.
ಮೂವತ್ತು ವರ್ಷ ಪೆಡಲ್ ತುಳಿದ ಪಾದ,
ದಾರ ಕಿತ್ತುಹೋಗುವ ಮುಂಚಿನ ಒತ್ತಡ ಅದಕ್ಕೆ ಗೊತ್ತು.

ಗೇರು ಮಾತ್ರ ಬಗ್ಗಿ ನೋಡಿಯೇ ಹಾಕುತ್ತಾರೆ,
ಸೂಜಿಗೆ ದಾರ ಪೋಣಿಸುವವರಂತೆ.
ಇಂಡಿಕೇಟರ್ ಅಂದರೆ ವೈಪರ್ ಹಾಕುತ್ತಾರೆ.
ಮೋಡವಿಲ್ಲದ ಬೆಳಗ್ಗೆ ಒಣಗಾಜಿನ ಮೇಲೆ ಕಿರ್ ಕಿರ್ ಕಿರ್.

ಹನ್ನೊಂದನೇ ದಿನ ಮಂಜು.
ಮುಂದೆ ಟ್ರ್ಯಾಕ್ಟರು, ಮೂಟೆ ಮೂಟೆ ಆಲೂಗಡ್ಡೆ, ಹಿಂದೆ ದೀಪವಿಲ್ಲ.
ನನ್ನ ಕಾಲು ನನ್ನನ್ನು ಕೇಳದೆ ಒತ್ತಿಬಿಟ್ಟಿತು.
ಬಂಡಿ ಮುಗ್ಗರಿಸಿ ಆಫಾಯಿತು. ಹಿಂದಿನ ಹಾಲಿನ ವ್ಯಾನು
ಬೈಯುತ್ತಾ ಬಳಸಿ ಹೋಯಿತು.
ಹೊಂಬಾಳಮ್ಮ ಕೀಲಿ ತಿರುಗಿಸಲಿಲ್ಲ.
"ನಾನು ನೋಡಿದ್ದೆ. ಕಾಲು ಹೋಗ್ತಾ ಇತ್ತು.
ನಿಮ್ಮದು ಮೊದಲು ಬಂತು.
ಇಷ್ಟು ದಿನ ನಾನು ನಿಲ್ಲಿಸಿದ್ದು ಯಾವುದು, ನೀವು ನಿಲ್ಲಿಸಿದ್ದು ಯಾವುದು
ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು ಮೇಷ್ಟ್ರೇ?"

ಲೈಸೆನ್ಸು ಮಾಡಿಸಿಕೊಟ್ಟವರ ಮುಖಗಳು ಸಾಲಾಗಿ ಬಂದವು.
ಅವರಲ್ಲಿ ಎಷ್ಟು ಜನ ನನ್ನ ಪಾದವನ್ನು
ತಮ್ಮದೆಂದುಕೊಂಡು ಮನೆಗೆ ಹೋದರೋ.
ಸರಳು ಬಿಚ್ಚಲು ಡಿಕ್ಕಿಯಲ್ಲಿ ಸ್ಪ್ಯಾನರ್ ಇತ್ತು.
ಅಷ್ಟು ಧೈರ್ಯ ಇರಲಿಲ್ಲ, ಸುಳ್ಳೇಕೆ.
ಚಪ್ಪಲಿ ಕಳಚಿ, ಎರಡೂ ಕಾಲು ಮೇಲೆಳೆದುಕೊಂಡು,
ಮದುವೆ ಮನೆಯ ಪಂಕ್ತಿಯಲ್ಲಿ ಕೂತವನ ಹಾಗೆ
ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ.
ಹೂಂ, ನಡೀರಿ.

ಏರು ಬಂತು. ಹ್ಯಾಂಡ್‌ಬ್ರೇಕು ಇಳಿಯಿತು.
ಹಿಂದಕ್ಕೆ ಒಂದು ಗೇಣು ಜಾರಲಿಲ್ಲ.
ನನ್ನ ಮಂಡಿ ಎರಡು ಸಲ ತಾನಾಗಿ ಅದುರಿತು,
ಅಂಗೈಯಲ್ಲಿ ಒತ್ತಿ ಹಿಡಿದೆ.

ಬಲಕ್ಕೆ ತಿರುಗುವಲ್ಲಿ ಮತ್ತೆ ವೈಪರ್ ಹಾಕಿದರು.
ನಾನು ಏನೂ ಅನ್ನಲಿಲ್ಲ.
ಮಂಜು ಕೂತಿದ್ದ ಗಾಜು, ಒಂದಿಷ್ಟು ಚೊಕ್ಕವಾಯಿತು.